ಚಾರಿಟಿ ಅಂಗಡಿಯ ಕಪಾಟಿನಲ್ಲಿ ಹಳೆಯ ಸಂಗೀತವನ್ನು ಹುಡುಕುವ ಬಗೆ

ದಾನವಾಗಿ ಬಂದ ವಸ್ತುಗಳನ್ನು ಮಾರಿ, ಆ ಹಣವನ್ನು ಸೇವಾಕಾರ್ಯಕ್ಕೆ ಬಳಸುವ ಚಾರಿಟಿ ಅಂಗಡಿಗಳಿಗೆ ಸಂಗೀತ ಹುಡುಕಿಕೊಂಡು ಹೋಗುವ ಹೊಸಬರಲ್ಲಿ ಹೆಚ್ಚಿನವರು ಐದಾರು ಪ್ರಸಿದ್ಧ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಆ ಹೆಸರುಗಳು ಕಾಣದಿದ್ದಾಗ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಹೀಗಾಗುವುದು ಸಹಜ. ಎಲ್ಲರಿಗೂ ಗೊತ್ತಿರುವ ಹೆಸರು ಅಂಗಡಿಯವರಿಗೂ ಗೊತ್ತಿರುತ್ತದೆ. ದಾನದ ಪೆಟ್ಟಿಗೆಗಳನ್ನು ಬಿಚ್ಚಿ ವಿಂಗಡಿಸುವಾಗಲೇ ಅಂಥವು ಬೇರೆಯಾಗುತ್ತವೆ, ಅವುಗಳಿಗೆ ಹೆಚ್ಚಿನ ಬೆಲೆಯ ಚೀಟಿ ಬೀಳುತ್ತದೆ ಅಥವಾ ಅವು ಅಂತರ್ಜಾಲದ ಮಾರಾಟಕ್ಕೆ ಹೋಗುತ್ತವೆ. ಕಪಾಟಿನಲ್ಲಿ ಅಗ್ಗವಾಗಿ ಉಳಿಯುವುದು ಯಾರೂ ಗಮನಿಸದ ಸಂಗೀತ, ಅಥವಾ ಹೊರಗಿನಿಂದ ಸಾಧಾರಣವಾಗಿ ಕಂಡರೂ ಒಳಗೆ ಒಳ್ಳೆಯ ಸ್ಥಿತಿಯಲ್ಲಿರುವ ವಸ್ತು. ಆದ್ದರಿಂದ ಹೆಸರುಗಳ ಪಟ್ಟಿಗಿಂತ ವಸ್ತುವನ್ನು ಓದಬಲ್ಲ ಕಣ್ಣು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಣ್ಣನ್ನು ಪಳಗಿಸಿಕೊಳ್ಳಲು ನೆರವಾಗುವ ಸಂಗತಿಗಳನ್ನೇ ಇಲ್ಲಿ ಬರೆದಿದ್ದೇನೆ.

ಯಾವಾಗ ಹೋಗಬೇಕು

ಇಂಥ ಅಂಗಡಿಗಳಿಗೆ ವಸ್ತುಗಳು ಕಂಪನಿಯಿಂದ ಸರಬರಾಜಾಗುವುದಿಲ್ಲ, ಮನೆಗಳಿಂದ ಬರುತ್ತವೆ. ಯಾರೋ ಮನೆ ಬದಲಿಸಿದಾಗ, ಯಾರೋ ತೀರಿಕೊಂಡ ಬಳಿಕ ಅವರ ಕೋಣೆಯನ್ನು ತೆರವುಗೊಳಿಸಿದಾಗ, ಅಥವಾ ರೆಕಾರ್ಡ್ ಪ್ಲೇಯರ್ ಕೆಟ್ಟು ಮೂಲೆ ಸೇರಿದಾಗ ಒಂದು ಪೆಟ್ಟಿಗೆ ಅಂಗಡಿಯ ಬಾಗಿಲಿಗೆ ಬರುತ್ತದೆ. ಅದರ ಸಮಯವನ್ನು ಮುಂಚಿತವಾಗಿ ಹೇಳಲು ಯಾರಿಂದಲೂ ಆಗದು. ಹೀಗಾಗಿ ತಿಂಗಳಿಗೊಮ್ಮೆ ಹೋಗಿ ಇಡೀ ದಿನ ಅಲೆಯುವುದಕ್ಕಿಂತ, ದಾರಿಯಲ್ಲಿ ಸಿಗುವ ಒಂದೆರಡು ಅಂಗಡಿಗಳಿಗೆ ವಾರಕ್ಕೊಮ್ಮೆ ಹದಿನೈದು ನಿಮಿಷ ಹೋಗಿಬರುವುದು ಮೇಲು. ಆಗಾಗ ಹೋಗುವವರಿಗೆ ಕಪಾಟಿನ ಹಳೆಯ ಸರಕು ಬಾಯಿಪಾಠವಾಗಿರುತ್ತದೆ. ಹೊಸದಾಗಿ ಬಂದದ್ದು ತಾನಾಗಿಯೇ ಎದ್ದು ಕಾಣುತ್ತದೆ. ಕಪಾಟನ್ನು ಯಾವ ದಿನ ತುಂಬುತ್ತೀರಿ ಎಂದು ಅಲ್ಲಿನ ಸ್ವಯಂಸೇವಕರನ್ನು ವಿನಯದಿಂದ ಕೇಳಿದರೆ ಬಹುತೇಕರು ಸಂತೋಷದಿಂದಲೇ ಹೇಳುತ್ತಾರೆ.

ಕೈಯಲ್ಲಿ ಮೂರು ಸಣ್ಣ ವಸ್ತುಗಳಿದ್ದರೆ ಸಾಕು: ಒಂದು ಚಿಕ್ಕ ಟಾರ್ಚು, ಒಂದು ಮೃದುವಾದ ಬಟ್ಟೆ, ಮತ್ತು ನಿಮ್ಮಲ್ಲಿ ಈಗಾಗಲೇ ಇರುವ ಸಂಗೀತದ ಪಟ್ಟಿ. ಮೂರನೆಯದನ್ನು ಹಲವರು ಅಲಕ್ಷಿಸುತ್ತಾರೆ. ಸಂಗ್ರಹ ಇನ್ನೂರನ್ನು ದಾಟಿದ ಮೇಲೆ ನೆನಪು ಕೈಕೊಡುತ್ತದೆ, ಒಂದೇ ರೆಕಾರ್ಡನ್ನು ಎರಡು ಬಾರಿ ಕೊಂಡುತರುವುದು ಮಾಮೂಲಿಯಾಗುತ್ತದೆ.

ಒಂದು ಸಿಕ್ಕರೆ ಅದರ ಒಡನಾಡಿಗಳನ್ನು ಹುಡುಕಿ

ಈ ಹುಡುಕಾಟದಲ್ಲಿ ನಾನು ಕಲಿತ ಅತ್ಯಂತ ಉಪಯುಕ್ತವಾದ ಸಂಗತಿ ಇದು. ದಾನವಾಗಿ ಬರುವ ಸಂಗೀತ ಬಿಡಿಬಿಡಿಯಾಗಿ ಬರುವುದು ಕಡಿಮೆ. ಅದು ಒಬ್ಬ ವ್ಯಕ್ತಿಯ ಹಲವು ವರ್ಷಗಳ ಅಭಿರುಚಿಯಾಗಿ, ಇಡೀ ಕಪಾಟಿಗೆ ಕಪಾಟೇ ಬರುತ್ತದೆ. ಅಂಗಡಿಯವರು ಅದನ್ನು ಇರುವ ಜಾಗದಲ್ಲಿ ಹಂಚಿ ತುಂಬುವಾಗ ಒಂದಷ್ಟು ಇಲ್ಲಿ, ಒಂದಷ್ಟು ಅಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ನೀರಸವಾದ ನೂರು ರೆಕಾರ್ಡ್‌ಗಳ ನಡುವೆ ಜಾಸ್ ಸಂಗೀತದ ಒಂದು ಒಳ್ಳೆಯ ಎಲ್‌ಪಿ (ದೀರ್ಘಾವಧಿಯ ದೊಡ್ಡ ರೆಕಾರ್ಡ್) ಸಿಕ್ಕಿದರೆ, ಅಲ್ಲಿಗೇ ನಿಲ್ಲಿಸಬೇಡಿ. ಅದರ ಅಕ್ಕಪಕ್ಕವನ್ನು, ಕೆಳಗಿನ ಪೆಟ್ಟಿಗೆಯನ್ನು, ಮೇಜಿನಡಿಯಲ್ಲಿ ಇನ್ನೂ ತೆರೆಯದೆ ಇಟ್ಟಿರುವ ರಟ್ಟಿನ ಡಬ್ಬಿಯನ್ನು ನೋಡಲು ಅನುಮತಿ ಕೇಳಿ. ಹೊದಿಕೆಯ ಮೂಲೆಯಲ್ಲಿ ಒಂದೇ ಕೈಬರಹದಲ್ಲಿ ಬರೆದ ಸಂಖ್ಯೆ, ಒಂದೇ ಬಗೆಯ ಪ್ಲಾಸ್ಟಿಕ್ ಹೊರಚೀಲ, ಕೊಂಡ ದಿನಾಂಕವನ್ನು ಪೆನ್ಸಿಲಿನಿಂದ ಗುರುತಿಸಿದ ಅಭ್ಯಾಸ, ಇವೆಲ್ಲ ಒಂದೇ ಮನೆಯಿಂದ ಬಂದವು ಎಂಬುದಕ್ಕೆ ಸಾಕ್ಷಿ. ಹಾಗೆ ದಿನಾಂಕ ಬರೆದು, ಒಳಚೀಲ ಬದಲಿಸಿ, ಜೋಪಾನವಾಗಿಟ್ಟ ಸಂಗ್ರಹವನ್ನು ಕಂಡಾಗ ಅದರ ಮೊದಲ ಒಡೆಯರ ಬಗ್ಗೆ ನನಗೆ ಗೌರವ ಮೂಡುತ್ತದೆ. ಲೆಕ್ಕಾಚಾರದ ದೃಷ್ಟಿಯಿಂದಲೂ ಇದು ಮುಖ್ಯ: ಒಂದನ್ನು ಜೋಪಾನ ಮಾಡಿದವರು ಉಳಿದವನ್ನೂ ಜೋಪಾನ ಮಾಡಿರುತ್ತಾರೆ. ಅಂಥ ಕಪಾಟು ಸಿಕ್ಕ ದಿನ, ನಿಮಗೆ ಪರಿಚಯವಿಲ್ಲದ ಕಲಾವಿದರನ್ನೂ ಆ ವ್ಯಕ್ತಿಯ ಅಭಿರುಚಿಯನ್ನು ನಂಬಿ ಕೊಳ್ಳಬಹುದು.

ಕಪಾಟಿನ ಹೆಸರುಫಲಕಗಳನ್ನು ಪೂರ್ತಿ ನಂಬಬೇಡಿ. ಸಂಗೀತದ ಸಿಡಿಗಳು ಚಲನಚಿತ್ರದ ಡಿವಿಡಿಗಳ ನಡುವೆ, ಪೆಟ್ಟಿಗೆ ಸಂಪುಟಗಳು ಪುಸ್ತಕಗಳ ಸಾಲಿನಲ್ಲಿ, ಏಳು ಅಂಗುಲದ ಚಿಕ್ಕ ರೆಕಾರ್ಡ್‌ಗಳು ಮಕ್ಕಳ ಆಟಿಕೆಗಳ ಪಕ್ಕದಲ್ಲಿ ಸೇರಿಕೊಂಡಿರುತ್ತವೆ.

ರೆಕಾರ್ಡನ್ನು ಕೈಯಲ್ಲಿ ಹಿಡಿದು ನೋಡುವುದು

ಹೊದಿಕೆ ಎಷ್ಟೇ ಚೆನ್ನಾಗಿದ್ದರೂ ರೆಕಾರ್ಡನ್ನು ಹೊರತೆಗೆದು ನೋಡದೆ ಕೊಳ್ಳಬಾರದು. ಮೊದಲು ನೋಡಬೇಕಾದದ್ದು ಒಳಗಿರುವುದು ಅದೇ ರೆಕಾರ್ಡೇ ಎಂಬುದನ್ನು. ನಡುವಿನ ಕಾಗದದ ಚೀಟಿಯನ್ನು ಹೊದಿಕೆಯೊಂದಿಗೆ ಹೋಲಿಸಿದರೆ ಇದು ತಿಳಿಯುತ್ತದೆ. ಅಂಚು ಮತ್ತು ನಡುವಿನ ಚೀಟಿಯನ್ನು ಮಾತ್ರ ಮುಟ್ಟುವಂತೆ ಎರಡೂ ಅಂಗೈಗಳ ನಡುವೆ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು ಅಡ್ಡಲಾಗಿ ನೋಡಿ. ಅಂಚು ಒಂದು ಕಡೆ ಎದ್ದಿದ್ದರೆ ಅಥವಾ ಬಟ್ಟಲಿನಂತೆ ಬಾಗಿದ್ದರೆ ಅದು ಬಿಸಿಲಿಗೋ ಒತ್ತಡಕ್ಕೋ ಸಿಲುಕಿದೆ ಎಂದರ್ಥ. ತುಸು ಬಾಗಿದ್ದರೆ ನುಡಿಸಬಹುದು. ಸೂಜಿ ಏರಿಳಿಯುವಷ್ಟು ಬಾಗಿದ್ದರೆ ಬಿಟ್ಟುಬಿಡಿ, ಮನೆಯಲ್ಲಿ ಅದನ್ನು ಸಪಾಟು ಮಾಡುವ ಪ್ರಯತ್ನಗಳು ಹೆಚ್ಚಾಗಿ ಅದನ್ನು ಇನ್ನಷ್ಟು ಕೆಡಿಸುತ್ತವೆ.

ಆಮೇಲೆ ಮೇಲ್ಮೈ. ಮೇಲಿನಿಂದ ನೇರವಾಗಿ ಬೀಳುವ ಅಂಗಡಿಯ ದೀಪದಲ್ಲಿ ಎಲ್ಲ ರೆಕಾರ್ಡ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ರೆಕಾರ್ಡನ್ನು ನಿಧಾನವಾಗಿ ತಿರುಗಿಸಿದಾಗ ನಿಜ ಗೊತ್ತಾಗುತ್ತದೆ. ಒಳಚೀಲಕ್ಕೆ ಉಜ್ಜಿ ಆದ ಕೂದಲೆಳೆಯ ಗೀರುಗಳು ನೋಡಲು ಕೆಟ್ಟದಾಗಿ ಕಂಡರೂ ಬಹಳ ಸಲ ಕೇಳಿಸುವುದೇ ಇಲ್ಲ. ಉಗುರಿನ ತುದಿಯನ್ನು ಹಗುರವಾಗಿ ಆಡಿಸಿದಾಗ ತಡೆಯುವ ಗೀರು ಮಾತ್ರ ಖಂಡಿತ ಕೇಳಿಸುತ್ತದೆ. ನಿಮಿಷಕ್ಕೆ 33⅓ ಸುತ್ತಿನ ವೇಗದ ರೆಕಾರ್ಡ್ ಒಂದು ಸುತ್ತು ತಿರುಗಲು 1.8 ಸೆಕೆಂಡ್ ತೆಗೆದುಕೊಳ್ಳುವುದರಿಂದ, ಅಡ್ಡಲಾಗಿ ಬಿದ್ದ ಒಂದು ಆಳವಾದ ಗೀರು ಪ್ರತಿ 1.8 ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ. ಅಬ್ಬರದ ಸಂಗೀತದಲ್ಲಿ ಇದು ಮರೆಯಾಗಬಹುದು, ಒಂಟಿ ಪಿಯಾನೊ ಅಥವಾ ಪಿಟೀಲಿನ ರೆಕಾರ್ಡಿನಲ್ಲಿ ಇದು ಸಹಿಸಲಾಗದಂತಾಗುತ್ತದೆ. ಧ್ವನಿಯನ್ನು ಹೊತ್ತ, ಸೂಜಿ ಸಾಗುವ ಗೆರೆಗಳ ಜೊತೆಗೇ ಹೋಗುವ ಉದ್ದನೆಯ ಗೀರು ಇನ್ನೂ ಅಪಾಯಕರ. ಸೂಜಿ ಅದರಲ್ಲಿ ಸಿಕ್ಕಿಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತದೆ.

ಗೀರಿಗಿಂತ ಕಣ್ಣಿಗೆ ತಪ್ಪಿಸಿಕೊಳ್ಳುವುದು ಸವೆತ. ಭಾರವಾದ ಹಳೆಯ ಪ್ಲೇಯರ್‌ನಲ್ಲಿ, ಮೊಂಡಾದ ಸೂಜಿಯಿಂದ ನೂರಾರು ಸಲ ನುಡಿಸಿದ ರೆಕಾರ್ಡಿನಲ್ಲಿ ಒಂದೂ ಗೀರು ಇಲ್ಲದಿರಬಹುದು, ಆದರೆ ಕಪ್ಪು ಹೊಳಪು ಹೋಗಿ ಬೂದುಬಣ್ಣ ಬಂದಿರುತ್ತದೆ. ಇದನ್ನು ಪತ್ತೆಹಚ್ಚಲು ಪ್ರತಿ ಬದಿಯ ಕೊನೆಯ ಹಾಡಿನ ಭಾಗವನ್ನು ನೋಡಬೇಕು. ಹನ್ನೆರಡು ಅಂಗುಲದ ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆಯು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ವೇಗದಲ್ಲಿ ಹಾಯುತ್ತದೆ, ಒಳಭಾಗಕ್ಕೆ ಬರುವ ಹೊತ್ತಿಗೆ ಆ ವೇಗ 21 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಅಡಕಿಸಿರುವುದರಿಂದ ಸವೆತದ ಕರ್ಕಶತೆ ಮೊದಲು ಕೇಳಿಸುವುದು ಅಲ್ಲಿಯೇ. ನಡುವಿನ ರಂಧ್ರದ ಸುತ್ತ ಚೀಟಿಯ ಮೇಲೂ ಒಂದು ಸುಳಿವಿದೆ: ರೆಕಾರ್ಡನ್ನು ಪ್ಲೇಯರ್‌ನ ಕಡ್ಡಿಗೆ ಕೂರಿಸುವಾಗ ಕಣ್ಣಳತೆ ತಪ್ಪಿ ಆದ ಸಣ್ಣ ಹೊಳೆಯುವ ಗೆರೆಗಳು ಹೆಚ್ಚಿದ್ದಷ್ಟೂ ಅದನ್ನು ಹೆಚ್ಚು ನುಡಿಸಿದ್ದಾರೆ ಎಂದು ತಿಳಿಯಬೇಕು.

ಧೂಳು, ಬೆರಳಚ್ಚು, ಚಹಾದ ಕಲೆ, ಇವುಗಳಿಗೆ ಹೆದರಬೇಕಾಗಿಲ್ಲ. ಕೊಳೆ ತೊಳೆದರೆ ಹೋಗುತ್ತದೆ, ಗೀರು ಹೋಗುವುದಿಲ್ಲ. ಕೊಳಕಾಗಿ ಕಾಣುವ ರೆಕಾರ್ಡನ್ನು ಇತರರು ಬಿಟ್ಟುಹೋಗುವುದರಿಂದ, ಕೊಳೆಯ ಕೆಳಗೆ ಹೊಳಪು ಉಳಿದಿದೆಯೇ ಎಂದು ಬಟ್ಟೆಯಿಂದ ಒಂದು ಮೂಲೆಯನ್ನು ಒರೆಸಿ ನೋಡಬಲ್ಲವರಿಗೆ ಅದೇ ಲಾಭ. ಬೂಷ್ಟಿನ ವಾಸನೆ ಬರುವ ಹೊದಿಕೆಯನ್ನು ಮಾತ್ರ ನಾನು ಮನೆಗೆ ತರುವುದಿಲ್ಲ, ಏಕೆಂದರೆ ಅದು ಪಕ್ಕದ ಹೊದಿಕೆಗಳಿಗೂ ಹಬ್ಬುತ್ತದೆ. ಒಳಗಿನ ರೆಕಾರ್ಡ್ ಅಪರೂಪದ್ದಾದರೆ ಹೊದಿಕೆಯನ್ನು ಬಿಟ್ಟು ರೆಕಾರ್ಡನ್ನು ಮಾತ್ರ ತೊಳೆದಿಟ್ಟುಕೊಳ್ಳಬಹುದು.

ಕಾಲವನ್ನು ಗುರುತಿಸುವ ಗುರುತುಗಳು

ಹೊದಿಕೆಯ ಮೇಲಿನ ವರ್ಷವು ಧ್ವನಿಮುದ್ರಣದ ವರ್ಷವಾಗಿರಬಹುದೇ ಹೊರತು ಆ ಪ್ರತಿಯನ್ನು ಒತ್ತಿದ ವರ್ಷವಲ್ಲ. ಪ್ರತಿಯ ವಯಸ್ಸನ್ನು ಅಂದಾಜು ಮಾಡಲು ಕೆಲವು ಗಟ್ಟಿಯಾದ ಕಾಲಗುರುತುಗಳಿವೆ. 33⅓ ವೇಗದ ಎಲ್‌ಪಿಯನ್ನು ಅಮೆರಿಕದ ಕೊಲಂಬಿಯಾ ಸಂಸ್ಥೆ 1948ರಲ್ಲಿ ಹೊರತಂದಿತು. ಮರುವರ್ಷವೇ ಆರ್‌ಸಿಎ ವಿಕ್ಟರ್ ಸಂಸ್ಥೆ 45 ವೇಗದ ಏಳು ಅಂಗುಲದ ರೆಕಾರ್ಡನ್ನು ತಂದಿತು. ದೊಡ್ಡ ಸಂಸ್ಥೆಗಳು ಸ್ಟೀರಿಯೊ ಎಲ್‌ಪಿಗಳನ್ನು ಮಾರುಕಟ್ಟೆಗೆ ತಂದದ್ದು 1958ರಲ್ಲಿ. ವೃತ್ತದೊಳಗೆ ‘ಪಿ’ ಅಕ್ಷರವಿರುವ ಧ್ವನಿಮುದ್ರಣ ಹಕ್ಕಿನ ಗುರುತು ಅಮೆರಿಕದಲ್ಲಿ 1970ರ ದಶಕದ ಆರಂಭದಿಂದ ಬಳಕೆಗೆ ಬಂದದ್ದರಿಂದ, ಅದು ಅಚ್ಚಾಗಿರುವ ಅಮೆರಿಕದ ಹೊದಿಕೆಯನ್ನು 1960ರ ದಶಕದ ಮೂಲ ಪ್ರತಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಬಾರ್‌ಕೋಡ್ ಸಾಮಾನ್ಯವಾದದ್ದು 1980ರ ದಶಕದಲ್ಲಿ.

ಇದಕ್ಕಿಂತ ಸೂಕ್ಷ್ಮವಾದದ್ದು ಕೊನೆಯ ಹಾಡು ಮುಗಿದ ಮೇಲೆ ಚೀಟಿಯವರೆಗೆ ಉಳಿಯುವ ನುಣುಪಾದ ಪಟ್ಟಿ. ಅಲ್ಲಿ ಕೈಯಿಂದ ಕೊರೆದ ಅಥವಾ ಅಚ್ಚೊತ್ತಿದ ಸಂಖ್ಯೆ ಮತ್ತು ಅಕ್ಷರಗಳಿರುತ್ತವೆ. ಯಾವ ಮೂಲ ಅಚ್ಚಿನಿಂದ ಈ ಪ್ರತಿ ಬಂದಿತು ಎಂಬುದನ್ನು ಅವು ಹೇಳುತ್ತವೆ. ಕೆಲವೊಮ್ಮೆ ಅಚ್ಚನ್ನು ಕೊರೆದ ತಂತ್ರಜ್ಞರ ಗುರುತೂ ಅಲ್ಲಿರುತ್ತದೆ. ರಾಬರ್ಟ್ ಲಡ್ವಿಗ್ ಅವರ ‘ಆರ್‌ಎಲ್’ ಎಂಬ ಎರಡಕ್ಷರ, ಬ್ರಿಟನ್ನಿನ ಜಾರ್ಜ್ ಪೆಕ್‌ಹ್ಯಾಮ್ ಅವರ ‘ಪೋರ್ಕಿ’ ಎಂಬ ಗುರುತು ಸಂಗ್ರಾಹಕರಲ್ಲಿ ಪ್ರಸಿದ್ಧವಾಗಿವೆ. ಒಂದೇ ಸಂಗೀತದ ಎರಡು ಪ್ರತಿಗಳು ಕಪಾಟಿನಲ್ಲಿದ್ದಾಗ ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ ಈ ಪಟ್ಟಿ ಉತ್ತರ ಕೊಡಬಲ್ಲದು. ಆದರೂ ಒಂದು ಮಾತು: ಹೆಸರಾಂತ ಗುರುತಿರುವ ಸವೆದ ಪ್ರತಿಗಿಂತ ಗುರುತಿಲ್ಲದ ಹೊಳೆಯುವ ಪ್ರತಿಯನ್ನು ಕೇಳುವುದರಲ್ಲಿ ಹೆಚ್ಚು ಸುಖವಿದೆ.

ಅರಗಿನ ತಟ್ಟೆಗಳು

ಎಲ್‌ಪಿಗೆ ಮೊದಲಿನ 78 ವೇಗದ ತಟ್ಟೆಗಳು ಭಾರವಾಗಿರುತ್ತವೆ, ಕೈಜಾರಿದರೆ ಗಾಜಿನಂತೆ ಒಡೆಯುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಅರಗು ಬೆರೆಸಿದ ಮಿಶ್ರಣದಿಂದ ಮಾಡಲಾಗುತ್ತಿತ್ತು. ಇವುಗಳ ಗೆರೆ ಅಗಲವಾಗಿದ್ದು, ಸುಮಾರು 75 ಮೈಕ್ರಾನ್ ತುದಿಯ ಸೂಜಿಯನ್ನು ಬೇಡುತ್ತದೆ. ಎಲ್‌ಪಿಯ ಸೂಜಿಯ ತುದಿ ಅದರ ಮೂರನೆಯ ಒಂದು ಭಾಗದಷ್ಟೂ ಇರುವುದಿಲ್ಲ. ವೇಗವೂ ಸೂಜಿಯೂ ಹೊಂದುವ ಯಂತ್ರ ಮನೆಯಲ್ಲಿಲ್ಲದಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಇವನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಕೊಳ್ಳುವವರು ಅಂಚಿನಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಇನ್ನೊಂದು ಎಚ್ಚರಿಕೆಯನ್ನು ಖಂಡಿತ ಮರೆಯಬಾರದು: ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಆದ್ದರಿಂದ ಆಲ್ಕೋಹಾಲ್ ಇರುವ ಯಾವ ದ್ರಾವಣವನ್ನೂ ಇವುಗಳಿಗೆ ಸೋಕಿಸಕೂಡದು.

ಸಿಡಿಗಳಲ್ಲಿರುವ ಸಂಪತ್ತು

ರೆಕಾರ್ಡ್‌ಗಳಿಗೆ ಮತ್ತೆ ಬೇಡಿಕೆ ಬಂದಿರುವ ಈ ಕಾಲದಲ್ಲಿ ನಿಜವಾದ ಅಗ್ಗದ ಸಂಗೀತವಿರುವುದು ಸಿಡಿಗಳ ಕಪಾಟಿನಲ್ಲಿ. ಸಿಡಿ ಮೊದಲು ಮಾರಾಟಕ್ಕೆ ಬಂದದ್ದು 1982ರ ಅಕ್ಟೋಬರ್‌ನಲ್ಲಿ, ಜಪಾನಿನಲ್ಲಿ. ಮರುವರ್ಷ ಯುರೋಪ್ ಮತ್ತು ಅಮೆರಿಕವನ್ನು ತಲುಪಿತು. ಮುಂದಿನ ಎರಡು ದಶಕಗಳಲ್ಲಿ ಮನೆಮನೆಗೆ ಸೇರಿದ ಸಿಡಿಗಳು ಈಗ ಅದೇ ಮನೆಗಳಿಂದ ರಾಶಿಯಾಗಿ ಹೊರಬರುತ್ತಿವೆ. ಹುಡುಕುವವರು ಕಡಿಮೆ, ಸರಕು ಹೆಚ್ಚು. ಕೊಳ್ಳುವವರಿಗೆ ಇದಕ್ಕಿಂತ ಅನುಕೂಲದ ಕಾಲ ಮತ್ತೆ ಬರುವುದೋ ಇಲ್ಲವೋ.

ಸಿಡಿಯ ಗುಣವನ್ನು ಅರಿಯಲು ಅದರ ರಚನೆಯನ್ನು ತಿಳಿದಿರಬೇಕು. 1.2 ಮಿಲಿಮೀಟರ್ ದಪ್ಪದ ಆ ತಟ್ಟೆಯ ಬಹುಭಾಗ ಪಾರದರ್ಶಕ ಪಾಲಿಕಾರ್ಬೊನೇಟ್. ಸಂಗೀತದ ಮಾಹಿತಿಯನ್ನು ಹೊತ್ತ ತೆಳುವಾದ ಲೋಹದ ಪದರ ಇರುವುದು ಹೆಸರು ಅಚ್ಚಾಗಿರುವ ಮೇಲ್ಭಾಗಕ್ಕೆ ಅಂಟಿಕೊಂಡು, ಬರಿಯ ಒಂದು ಪೊರೆ ವಾರ್ನಿಷ್ ಮತ್ತು ಶಾಯಿಯ ಕೆಳಗೆ. ಆದ್ದರಿಂದ ಹೊಳೆಯುವ ಕೆಳಬದಿಯ ಸಣ್ಣಪುಟ್ಟ ಗೀರುಗಳಿಗಿಂತ, ಹೆಸರಿರುವ ಬದಿಯ ಗೀರು ಹೆಚ್ಚು ಘಾತಕವಾದದ್ದು; ಕೆಳಗಿನ ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು, ಮೇಲೆ ಕಿತ್ತುಹೋದ ಲೋಹವನ್ನು ಮರಳಿ ತರಲಾಗದು. ತಟ್ಟೆಯನ್ನು ಬೆಳಕಿನ ಕಡೆಗೆ ಹಿಡಿದು ಹಿಂದಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಅಲ್ಲಲ್ಲಿ ಹಲವು ಕಂಡರೆ ಲೋಹದ ಪದರ ಹೋಗುತ್ತಿದೆ ಎಂದು ತಿಳಿದು ಬಿಟ್ಟುಬಿಡಿ. ಕೆಳಬದಿಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ ಸಾಗುವ ಗೀರನ್ನು ಪ್ಲೇಯರ್‌ನ ದೋಷನಿವಾರಣಾ ವ್ಯವಸ್ಥೆ ಸಾಮಾನ್ಯವಾಗಿ ಸರಿಪಡಿಸಿಕೊಳ್ಳುತ್ತದೆ. ಸುತ್ತಿನ ಜೊತೆಗೆ ಬಳೆಯಂತೆ ಬಾಗಿದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೆ ಅಳಿಸುವುದರಿಂದ ಹಾಡು ಎಡವುತ್ತದೆ. ಇದೇ ಕಾರಣಕ್ಕೆ ಸಿಡಿಯನ್ನು ಒರೆಸುವಾಗಲೂ ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಬೇಕು, ಸುತ್ತಲೂ ಉಜ್ಜಬಾರದು.

ಕಂಚಿನ ಬಣ್ಣಕ್ಕೆ ತಿರುಗಿದ ಸಿಡಿಗಳ ಬಗ್ಗೆ ವಿಶೇಷ ಗಮನವಿರಲಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರವರೆಗೆ ತಯಾರಾದ ಹಲವು ಸಿಡಿಗಳು, ರಕ್ಷಣೆಗೆಂದು ಬಳಿದ ವಾರ್ನಿಷ್ ಗಂಧಕದ ಅಂಶವನ್ನು ತಡೆಯದ ಕಾರಣ, ಅಂಚಿನಿಂದ ಒಳಮುಖವಾಗಿ ಕಂಚಿನ ಬಣ್ಣಕ್ಕೆ ತಿರುಗಿ ಕೆಟ್ಟಿವೆ. ನಡುವಿನ ವೃತ್ತದಲ್ಲಿ ಆ ಕಾರ್ಖಾನೆಯ ಹೆಸರಿದ್ದು, ಅಂಚು ಕಂದಾಗಿದ್ದರೆ ಎಷ್ಟೇ ಅಪರೂಪದ ಸಂಗೀತವಾದರೂ ಕೊಳ್ಳಬೇಡಿ. ಅದೇ ನಡುವಿನ ವೃತ್ತ ಇನ್ನೊಂದನ್ನೂ ಹೇಳುತ್ತದೆ: 1994ರಿಂದ ಸಿಡಿಗಳ ಮೇಲೆ ‘ಐಎಫ್‌ಪಿಐ’ (ಧ್ವನಿಮುದ್ರಣ ಉದ್ಯಮದ ಅಂತಾರಾಷ್ಟ್ರೀಯ ಒಕ್ಕೂಟ) ಎಂಬ ಅಕ್ಷರಗಳುಳ್ಳ ಪುಟ್ಟ ಸಂಕೇತವನ್ನು ಹಾಕುವ ರೂಢಿ ಬಂದಿತು. ಆ ಸಂಕೇತವಿದ್ದರೆ ಹೊದಿಕೆಯ ಮೇಲೆ 1986 ಎಂದಿದ್ದರೂ ಅದು ನಂತರ ಒತ್ತಿದ ಪ್ರತಿ.

ಮೊದಲ ಪ್ರತಿಯೇ ಏಕೆ ಬೇಕು ಎಂದರೆ, 1990ರ ದಶಕದಿಂದೀಚೆಗೆ ಹಳೆಯ ಸಂಗೀತವನ್ನು ಮರುಸಂಸ್ಕರಿಸಿ ಹೊರತಂದ ಎಷ್ಟೋ ಸಿಡಿಗಳಲ್ಲಿ ಸದ್ದನ್ನು ಏಕರೂಪವಾಗಿ ಏರಿಸಿ, ಮೆಲುದನಿಗೂ ಅಬ್ಬರಕ್ಕೂ ಇರುವ ಅಂತರವನ್ನು ಕುಗ್ಗಿಸಲಾಗಿದೆ. 1980ರ ದಶಕದ ಅದೇ ಸಂಗೀತದ ಸಿಡಿ ಮೊದಲಿಗೆ ಮೆತ್ತಗೆ ಕೇಳಿಸಿದರೂ, ಧ್ವನಿಯನ್ನು ತುಸು ಏರಿಸಿ ಕೇಳಿದಾಗ ಉಸಿರಾಡುವಂತೆ ಬಿಡುವಾಗಿರುತ್ತದೆ. ‘ಹೊಸದಾಗಿ ಸಂಸ್ಕರಿಸಿದ್ದು’ ಎಂಬ ಮಾತು ಇಲ್ಲದ ಸಾದಾ ಹಳೆಯ ಪ್ರತಿಯನ್ನು ಅಂಗಡಿಯವರು ಅಗ್ಗದ ಸಾಲಿನಲ್ಲಿ ಇಡುವುದರಿಂದ, ಕಿವಿಯನ್ನು ನಂಬುವವರಿಗೆ ಇದು ದೊಡ್ಡ ಅವಕಾಶ. ಕೆಲವು ಹಳೆಯ ಸಿಡಿಗಳ ಹಿಂಬದಿಯಲ್ಲಿ ‘ಎಎಡಿ’, ‘ಎಡಿಡಿ’, ‘ಡಿಡಿಡಿ’ ಎಂಬ ಮೂರಕ್ಷರದ ಸಂಕೇತವಿರುತ್ತದೆ. ಧ್ವನಿಮುದ್ರಣ, ಮಿಶ್ರಣ, ಅಂತಿಮ ಸಂಸ್ಕರಣ ಈ ಮೂರು ಹಂತಗಳು ಅನಲಾಗ್‌ನಲ್ಲಿ ಆದವೋ ಡಿಜಿಟಲ್‌ನಲ್ಲಿ ಆದವೋ ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು ಗುಣಮಟ್ಟವನ್ನಲ್ಲ. ಮೂರೂ ‘ಡಿ’ ಇರುವುದೇ ಶ್ರೇಷ್ಠ ಎಂಬ ನಂಬಿಕೆಯನ್ನು ಬಿಟ್ಟುಬಿಡಬೇಕು.

‘ಎಸ್‌ಎಸಿಡಿ’ (ಸೂಪರ್ ಆಡಿಯೊ ಸಿಡಿ, ಹೆಚ್ಚಿನ ಗುಣಮಟ್ಟದ ಧ್ವನಿಗಾಗಿ ರೂಪಿಸಿದ ಸಿಡಿ) ಎಂಬ ಗುರುತನ್ನೂ ಕಣ್ಣು ಹುಡುಕುತ್ತಿರಲಿ. ಸೋನಿ ಮತ್ತು ಫಿಲಿಪ್ಸ್ 1999ರಲ್ಲಿ ತಂದ ಈ ಬಗೆಯ ತಟ್ಟೆಗಳು ಹೊಸದಾಗಿ ಕೊಳ್ಳುವಾಗ ದುಬಾರಿ. ಚಾರಿಟಿ ಅಂಗಡಿಯಲ್ಲಿ ಅವು ಮಾಮೂಲಿ ಸಿಡಿಗಳ ಜೊತೆ ಅದೇ ಬೆಲೆಗೆ ಕುಳಿತಿರುವುದುಂಟು. ‘ಹೈಬ್ರಿಡ್’ ಎಂದಿದ್ದರೆ ಸಾಮಾನ್ಯ ಪ್ಲೇಯರ್‌ನಲ್ಲೂ ನುಡಿಯುತ್ತವೆ.

ಪ್ಲಾಸ್ಟಿಕ್ ಡಬ್ಬಿ ಒಡೆದಿದ್ದರೆ ಚಿಂತೆಯಿಲ್ಲ, ಇನ್ನೊಂದು ಸಿಡಿಯ ಡಬ್ಬಿಯನ್ನು ಅದಕ್ಕೆ ಹಾಕಬಹುದು. ಒಳಗಿನ ಕಿರುಪುಸ್ತಕ ಕಳೆದುಹೋಗಿದ್ದರೆ ಅದು ನಿಜವಾದ ನಷ್ಟ. ಎರಡು ತಟ್ಟೆಗಳ ಸಂಪುಟವಾದರೆ ಎರಡನ್ನೂ ಎಣಿಸಿಯೇ ಹಣ ಕೊಡಿ. ಕೆಳಬದಿ ಹಸಿರು ಅಥವಾ ನೀಲಿ ಛಾಯೆಯಲ್ಲಿದ್ದರೆ ಅದು ಮನೆಯಲ್ಲಿ ಬರೆದುಕೊಂಡ ನಕಲಾಗಿರುವ ಸಾಧ್ಯತೆ ಹೆಚ್ಚು; ಅದನ್ನು ಮೆಲ್ಲನೆ ಅಂಗಡಿಯವರ ಗಮನಕ್ಕೆ ತರುವುದು ಒಳ್ಳೆಯದು.

ಕ್ಯಾಸೆಟ್‌ಗಳು

ಫಿಲಿಪ್ಸ್ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್‌ನ ವಿಷಯದಲ್ಲಿ ನಾನು ಹೆಚ್ಚು ಆಸೆ ಹುಟ್ಟಿಸಲಾರೆ. ಕಿಟಕಿಯ ಮೂಲಕ ನೋಡಿದಾಗ ಟೇಪಿನ ಸುರುಳಿ ಸಮತಟ್ಟಾಗಿರಬೇಕು, ಅದರ ಮೇಲೆ ಬಿಳಿಯ ಪುಡಿಯಂಥ ಬೂಷ್ಟು ಇರಬಾರದು. ಕೆಳಬದಿಯ ತೆರಪಿನಲ್ಲಿ ಟೇಪಿನ ಹಿಂದೆ ಒಂದು ಪುಟ್ಟ ಮೆತ್ತೆಯಿರುತ್ತದೆ; ಅದು ಬಿದ್ದುಹೋಗಿದ್ದರೆ ಧ್ವನಿ ಮಂಕಾಗುತ್ತದೆ. ಐದು ತಿರುಪುಗಳಿಂದ ಜೋಡಿಸಿದ ಕ್ಯಾಸೆಟ್ಟನ್ನು ಬಿಚ್ಚಿ ಸರಿಪಡಿಸಬಹುದು, ಅಂಟಿಸಿ ಮುಚ್ಚಿದ್ದನ್ನು ಬಿಚ್ಚುವುದು ಕಷ್ಟ. ಸಿ-120 ಎಂಬ ಗುರುತಿನ ಖಾಲಿ ಕ್ಯಾಸೆಟ್‌ಗಳ ಟೇಪ್ ಬಹಳ ತೆಳು, ಯಂತ್ರಕ್ಕೆ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಎಲ್‌ಪಿಯಾಗಿಯೂ ಸಿಡಿಯಾಗಿಯೂ ಎಂದೂ ಹೊರಬರದ ಸಂಗೀತ ಕ್ಯಾಸೆಟ್‌ನಲ್ಲಿ ಮಾತ್ರ ಇರುವುದರಿಂದ ಈ ಪೆಟ್ಟಿಗೆಯನ್ನು ಪೂರ್ತಿ ದಾಟಿಹೋಗಲು ಮನಸ್ಸು ಬರುವುದಿಲ್ಲ.

ಇತರರು ಬಿಟ್ಟುಹೋಗುವ ಸಾಲು

ಚಾರಿಟಿ ಅಂಗಡಿಗಳಲ್ಲಿ ಅತ್ಯಂತ ಹೆಚ್ಚಾಗಿ ಸಿಗುವುದೂ ಅತ್ಯಂತ ಕಡಿಮೆ ಕೈಗಳು ತಡಕುವುದೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಾಲು. ಇದರ ಕೇಳುಗರು ಸಾಮಾನ್ಯವಾಗಿ ರೆಕಾರ್ಡ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡವರು. ಹೀಗಾಗಿ ಸ್ಥಿತಿ ಚೆನ್ನಾಗಿರುತ್ತದೆ, ಬೆಲೆ ಕೆಳಗಿರುತ್ತದೆ. ಡಾಯ್ಚ ಗ್ರಾಮೋಫೋನ್ ಸಂಸ್ಥೆಯ ಹಳದಿ ಚೀಟಿಯ ಎಲ್‌ಪಿಗಳು ಹೇರಳವಾಗಿ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಸಂಗ್ರಾಹಕರ ದೃಷ್ಟಿಯಲ್ಲಿ ಸಾಮಾನ್ಯವಾದರೂ ಸಂಗೀತದ ದೃಷ್ಟಿಯಲ್ಲಿ ಅಲ್ಲ. ಬ್ರಿಟಿಷ್ ಡೆಕ್ಕಾದ ಸ್ಟೀರಿಯೊ ಎಲ್‌ಪಿಗಳ ಕ್ರಮಸಂಖ್ಯೆಗೆ ಮೊದಲು ‘ಎಸ್‌ಎಕ್ಸ್‌ಎಲ್’ ಎಂದೂ, ಎಚ್‌ಎಂವಿಯದಕ್ಕೆ ‘ಎಎಸ್‌ಡಿ’ ಎಂದೂ, ಬ್ರಿಟಿಷ್ ಕೊಲಂಬಿಯಾದ್ದಕ್ಕೆ ‘ಎಸ್‌ಎಎಕ್ಸ್’ ಎಂದೂ ಇರುತ್ತದೆ. ಈ ಮೂರು ಸರಣಿಗಳ ಮೊದಲ ಪ್ರತಿಗಳಿಗೆ ಸಂಗ್ರಾಹಕರು ಬಹಳ ಬೆಲೆ ಕೊಡುತ್ತಾರೆ. ಹೊದಿಕೆಯ ಬೆನ್ನನ್ನು ಓದುವ ಅಭ್ಯಾಸವಿದ್ದವರಿಗೆ ಇವು ಒಂದಲ್ಲ ಒಂದು ದಿನ ಸಿಗುತ್ತವೆ. ಸಿಡಿಗಳಲ್ಲಿ, 1987ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕ್ಲೌಸ್ ಹೈಮನ್ ಆರಂಭಿಸಿದ ನ್ಯಾಕ್ಸೋಸ್ ಸಂಸ್ಥೆಯವು ಹೊಸದರಲ್ಲೇ ಅಗ್ಗವಾಗಿದ್ದವು, ಆದ್ದರಿಂದ ಅವನ್ನು ಕೀಳಾಗಿ ಕಾಣುವವರಿದ್ದಾರೆ. ಬೇರೆ ಯಾರೂ ಮುದ್ರಿಸದ ಕೃತಿಗಳನ್ನು ಆ ಸಂಸ್ಥೆ ಮುದ್ರಿಸಿದೆ. ಅವನ್ನು ನಿಶ್ಚಿಂತೆಯಿಂದ ಕೊಳ್ಳಬಹುದು.

ರೀಡರ್ಸ್ ಡೈಜೆಸ್ಟ್ ಅಂಚೆಯ ಮೂಲಕ ಮಾರುತ್ತಿದ್ದ ದಪ್ಪ ಪೆಟ್ಟಿಗೆ ಸಂಪುಟಗಳನ್ನು ಕಂಡರೆ ಅನುಭವಿಗಳೂ ಮುಖ ತಿರುಗಿಸುತ್ತಾರೆ. ಅವುಗಳಲ್ಲಿ ಹಲವು ಲಘು ಸಂಗೀತದ ಕಲಬೆರಕೆ ಎಂಬುದು ನಿಜ. ಆದರೆ ವಾದ್ಯವೃಂದ ನಿರ್ದೇಶಕ ರೆನೆ ಲೈಬೊವಿಟ್ಸ್ ರಾಯಲ್ ಫಿಲ್‌ಹಾರ್ಮಾನಿಕ್ ವಾದ್ಯವೃಂದದೊಂದಿಗೆ 1961ರಲ್ಲಿ ನುಡಿಸಿದ ಬೀಥೋವನ್‌ನ ಒಂಬತ್ತು ಸಿಂಫನಿಗಳು ಮೊದಲು ಹೊರಬಂದದ್ದು ಇಂಥದೇ ಪೆಟ್ಟಿಗೆಯಲ್ಲಿ. ಚಾರ್ಲ್ಸ್ ಗೆರ್ಹಾರ್ಟ್ ನಿರ್ಮಿಸಿ, ಡೆಕ್ಕಾದ ಹೆಸರಾಂತ ಧ್ವನಿತಂತ್ರಜ್ಞ ಕೆನೆತ್ ವಿಲ್ಕಿನ್ಸನ್ ಮುದ್ರಿಸಿದ ಆ ಧ್ವನಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅಂಚೆಯಲ್ಲಿ ತರಿಸಿಕೊಂಡವರು ಇಂಥ ಪೆಟ್ಟಿಗೆಗಳನ್ನು ಒಂದೆರಡು ಸಲ ಮಾತ್ರ ನುಡಿಸಿ ಎತ್ತಿಟ್ಟಿರುವುದು ಸಾಮಾನ್ಯವಾದ್ದರಿಂದ ಒಳಗಿನ ತಟ್ಟೆಗಳು ಹೊಸದರಂತೆ ಇರುತ್ತವೆ. ಪೆಟ್ಟಿಗೆಯ ಹೊರಗಿನ ಚಿತ್ರವನ್ನಲ್ಲ, ಒಳಗಿನ ಕಲಾವಿದರ ಹೆಸರನ್ನು ನೋಡಬೇಕು.

ಬೆಲೆ ಮತ್ತು ನಡವಳಿಕೆ

ಮೊಬೈಲಿನಲ್ಲಿ ಬೆಲೆ ಹುಡುಕುವುದು ತಪ್ಪಲ್ಲ. 2000ದಲ್ಲಿ ಆರಂಭವಾದ ಡಿಸ್ಕಾಗ್ಸ್ ಎಂಬ ದತ್ತಸಂಚಯದಲ್ಲಿ ಬಾರ್‌ಕೋಡ್ ಅಥವಾ ಕ್ರಮಸಂಖ್ಯೆಯಿಂದ ನಿಖರವಾದ ಪ್ರತಿಯನ್ನು ಗುರುತಿಸಬಹುದು. ಅಲ್ಲಿ ಮಾರುವವರು ಕೇಳುತ್ತಿರುವ ಬೆಲೆಯನ್ನು ಬಿಟ್ಟು, ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಬೇಕು. ಎರಡರ ನಡುವೆ ಬಹಳ ಅಂತರವಿರುತ್ತದೆ. ಹಾಗೆಯೇ ಬೆಲೆಯು ಪ್ರತಿಯ ಸ್ಥಿತಿಯನ್ನು ಅವಲಂಬಿಸಿರುತ್ತದೆ ಎಂಬುದನ್ನು ನೆನಪಿಟ್ಟು, ಕೈಯಲ್ಲಿರುವುದನ್ನು ಮತ್ತೊಮ್ಮೆ ಟಾರ್ಚಿನ ಬೆಳಕಿಗೆ ಹಿಡಿಯಬೇಕು. ಪ್ರತಿಯೊಂದನ್ನೂ ಹೀಗೆ ಪರೀಕ್ಷಿಸುತ್ತ ಕಪಾಟಿನ ಮುಂದೆ ಗಂಟೆಗಟ್ಟಲೆ ನಿಂತರೆ ಇತರರಿಗೆ ತೊಂದರೆಯಾಗುತ್ತದೆ. ನಿಜಕ್ಕೂ ಅನುಮಾನವಿರುವ ಒಂದೆರಡಕ್ಕೆ ಮಾತ್ರ ಇದನ್ನು ಮೀಸಲಿಡಿ.

ಚಾರಿಟಿ ಅಂಗಡಿಯಲ್ಲಿ ಚೌಕಾಸಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕೆಲಸ ಮಾಡುವವರಲ್ಲಿ ಹಲವರು ಸಂಬಳವಿಲ್ಲದೆ ದುಡಿಯುತ್ತಾರೆ, ಬಂದ ಹಣ ಯಾರದೋ ಕಷ್ಟಕ್ಕೆ ಸಲ್ಲುತ್ತದೆ. ಗೀರು ಬಿದ್ದ ತಟ್ಟೆಗೆ ಹೆಚ್ಚು ಬೆಲೆ ಹಾಕಿದ್ದರೆ ದೋಷವನ್ನು ತೋರಿಸಿ ಕೇಳಬಹುದು, ಅಷ್ಟೇ. ಚೀಟಿಯ ಬೆಲೆಗಿಂತ ಬಹುಪಟ್ಟು ಹೆಚ್ಚು ಬೆಲೆಬಾಳುವ ಅಪರೂಪದ ತಟ್ಟೆ ಸಿಕ್ಕಾಗ, ಅದನ್ನು ಕೇಳುವುದಕ್ಕಾಗಿ ಕೊಳ್ಳುವುದರಲ್ಲಿ ದೋಷವಿಲ್ಲ. ಮಾರಿ ಲಾಭ ಮಾಡಿಕೊಳ್ಳುವ ಉದ್ದೇಶವಿದ್ದರೆ, ಅಂಗಡಿಯವರಿಗೆ ಅದರ ನಿಜ ಬೆಲೆಯನ್ನು ತಿಳಿಸುವುದು ಅಥವಾ ಲಾಭದ ಒಂದು ಪಾಲನ್ನು ಅಲ್ಲಿಗೇ ಮರಳಿಸುವುದು ನ್ಯಾಯ. ನೋಡಿದ ತಟ್ಟೆಗಳನ್ನು ಅವುಗಳ ಹೊದಿಕೆಯಲ್ಲೇ ಸೇರಿಸಿ, ಒರಗಿಸದೆ ನೇರವಾಗಿ ನಿಲ್ಲಿಸಿ ಬರಬೇಕು; ಒಂದರ ಮೇಲೊಂದು ಪೇರಿಸಿದ ರೆಕಾರ್ಡ್‌ಗಳು ತಮ್ಮ ಭಾರಕ್ಕೇ ಬಾಗುತ್ತವೆ.

ಮನೆಗೆ ತಂದ ಮೇಲೆ

ಸಂಗ್ರಹಕ್ಕೆ ಸೇರಿಸುವ ಮೊದಲು, ನುಡಿಸುವುದಕ್ಕೂ ಮೊದಲು, ತೊಳೆಯಬೇಕು. ಧೂಳಿರುವ ರೆಕಾರ್ಡಿನ ಮೇಲೆ ಸೂಜಿ ಇಟ್ಟರೆ ಧೂಳೇ ಉಪ್ಪುಕಾಗದದಂತೆ ಗೆರೆಯನ್ನು ತೇಯುತ್ತದೆ. ಉಗುರುಬೆಚ್ಚಗಿನ ಬಟ್ಟಿಯಿಳಿಸಿದ ನೀರಿಗೆ ಪಾತ್ರೆ ತೊಳೆಯುವ ಮೃದುವಾದ ದ್ರವವನ್ನು ಒಂದೆರಡು ಹನಿ ಹಾಕಿ, ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಗೆರೆಗಳು ಸುತ್ತುವ ದಿಕ್ಕಿನಲ್ಲೇ ಮೆಲ್ಲಗೆ ಒರೆಸಬೇಕು. ನಡುವಿನ ಕಾಗದದ ಚೀಟಿಗೆ ನೀರು ತಾಗದಂತೆ ಎಚ್ಚರ ವಹಿಸಬೇಕು. ಆಮೇಲೆ ಬರಿಯ ಬಟ್ಟಿಯಿಳಿಸಿದ ನೀರಿನಿಂದ ಸಾಬೂನಿನ ಅಂಶವನ್ನು ತೆಗೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಕೊಂಡದ್ದೇ ವ್ಯರ್ಥ. ಹಳೆಯ ಕಾಗದದ ಒಳಚೀಲವನ್ನು ಎಸೆಯದೆ ಹೊದಿಕೆಯಲ್ಲೇ ಉಳಿಸಿ, ರೆಕಾರ್ಡನ್ನು ಮಾತ್ರ ಹೊಸ ಚೀಲದಲ್ಲಿಡುವುದು ನನ್ನ ಪದ್ಧತಿ, ಏಕೆಂದರೆ ಅದರ ಮೇಲೆ ಅಚ್ಚಾದ ಜಾಹೀರಾತುಗಳಿಂದಲೂ ಪ್ರತಿಯ ಕಾಲ ತಿಳಿಯುತ್ತದೆ.

ಮೊದಲ ಸಲ ಕೇಳುವಾಗ ಎರಡೂ ಬದಿಗಳನ್ನು ಪೂರ್ತಿ ಕೇಳಿ. ಇಷ್ಟವಾಗದಿದ್ದರೆ ಆರು ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಿ. ಆಗಲೂ ಮನಸ್ಸಿಗೆ ಹಿಡಿಸದವುಗಳನ್ನು, ಎರಡೆರಡು ಬಂದವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿ ಅದೇ ಅಂಗಡಿಗೆ ಮರಳಿಸಿ. ಪ್ರತಿ ತಟ್ಟೆಯೂ ಅದರದೇ ಹೊದಿಕೆಯಲ್ಲಿದೆಯೇ ಎಂದು ನೋಡಿ, ಆದಷ್ಟು ಮಟ್ಟಿಗೆ ಒಂದೇ ಕಡೆ ಇಡುವಂತೆ ಕೇಳಿಕೊಳ್ಳಿ, ನಿಮ್ಮ ಬಳಿಕ ಬರುವ ಹುಡುಕುಗರಿಗೆ ಒಂದು ಸಿಕ್ಕಾಗ ಉಳಿದವೂ ಪಕ್ಕದಲ್ಲೇ ಸಿಗುತ್ತವೆ.